ಮಿದುಳಿಗೆ ಪೆಟ್ಟಾದ ಮೇಲೆ ಸಂಗೀತ ಚಿಕಿತ್ಸೆ: ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಮಂಚದ ಪಕ್ಕದಲ್ಲಿ ಮೊಬೈಲ್, ಅದರಲ್ಲಿ ಬೆಳಗಿನಿಂದ ಹಾಡು. ಸ್ಟ್ರೋಕ್ ಆದವರ, ತಲೆಗೆ ಪೆಟ್ಟಾದವರ ಕೋಣೆಯಲ್ಲಿ ಇದು ಸಾಮಾನ್ಯ. "ಮ್ಯೂಸಿಕ್ ಒಳ್ಳೇದಂತೆ, ಅದಕ್ಕೇ ಹಾಕಿಟ್ಟಿದ್ದೀವಿ" ಅನ್ನುತ್ತಾರೆ ಮನೆಯವರು. ಉದ್ದೇಶ ಒಳ್ಳೆಯದೇ. ಆದರೆ ಅದು ಚಿಕಿತ್ಸೆಯಲ್ಲ, ಸುಮ್ನೆ ಹಾಡು ಓಡುತ್ತಿದೆ ಅಷ್ಟೇ. ರೋಗಿ ಕೇಳುತ್ತಿದ್ದಾರೋ, ಸಾಕಾಗಿ ಹೋಗಿದೆಯೋ ಯಾರಿಗೂ ಗೊತ್ತಿಲ್ಲ.

ಸಂಗೀತ ಚಿಕಿತ್ಸೆಯಲ್ಲಿ ಹಾಡಿಗೆ ಒಂದು ಕೆಲಸ ಇರುತ್ತದೆ. ಹೆಜ್ಜೆ ಸರಿಪಡಿಸುವುದು, ಮಾತು ಹೊರಡಿಸುವುದು, ಕೈ ಎತ್ತಿಸುವುದು, ಹೀಗೆ ಯಾವುದಾದರೂ ಒಂದು. ಆ ಕೆಲಸ ಎಷ್ಟು ಸುಧಾರಿಸಿತು ಅಂತ ಅಳೆಯುತ್ತಾರೆ. ಆಮೇಲೆ ಹಾಡನ್ನು ನಿಧಾನಕ್ಕೆ ತೆಗೆದುಬಿಡುತ್ತಾರೆ, ಕೆಲಸ ಮಾತ್ರ ಉಳಿಯಬೇಕು. ಈ ಕೊನೆಯ ಮಾತನ್ನು ಜಾಸ್ತಿ ಜನ ಮರೆಯುತ್ತಾರೆ.

ಅಮೆರಿಕದ ಸಂಸದೆಯಾಗಿದ್ದ ಗೇಬ್ರಿಯೆಲ್ ಗಿಫರ್ಡ್ಸ್ ಅವರ ಕಥೆ ನೀವು ಕೇಳಿರಬಹುದು. 2011ರ ಜನವರಿಯಲ್ಲಿ ಗುಂಡು ತಗುಲಿ ಅವರ ಮಿದುಳಿನ ಎಡಭಾಗಕ್ಕೆ ಗಾಯವಾಯಿತು. ಮಾತು ನಿಂತಿತು. ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಯ ಜೊತೆಗೆ ಸಂಗೀತ ಚಿಕಿತ್ಸೆಯನ್ನೂ ಕೊಟ್ಟರು. ಹೇಳಲು ಬಾರದ ಪದಗಳು ಹಾಡಿನಲ್ಲಿ ಬಂದವು. ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಗಿಫರ್ಡ್ಸ್ ಆಮೇಲೆ ವರ್ಷಗಟ್ಟಲೆ ಅಭ್ಯಾಸ ಮಾಡಿದರು, ಇವತ್ತಿಗೂ ಅವರ ಮಾತಿನಲ್ಲಿ ತಡಕಾಟ ಇದೆ. ಅದನ್ನೂ ಸೇರಿಸಿ ಹೇಳಿದರೆ ಮಾತ್ರ ಕಥೆ ಪೂರ್ತಿ.

ಇದು ಕೆಲಸ ಮಾಡುವುದು ಹೇಗೆ?

ತಾಳ ಕಿವಿಗೆ ಬಿದ್ದರೆ ಕಾಲು ತಾನಾಗಿ ಅಲುಗುತ್ತದೆ, ಅಲ್ವಾ? ಕೇಳುವ ಭಾಗಕ್ಕೂ ಕೈಕಾಲು ಆಡಿಸುವ ಭಾಗಕ್ಕೂ ಮಿದುಳಿನಲ್ಲಿ ಗಟ್ಟಿ ಸಂಪರ್ಕ ಇದೆ. ಅಲುಗಾಡದೆ ಮಲಗಿ ತಾಳ ಕೇಳಿದರೂ ಚಲನೆಗೆ ಸಂಬಂಧಿಸಿದ ಭಾಗಗಳು ಎಚ್ಚರಗೊಳ್ಳುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ತಾಳದ ಮುಂದಿನ ಪೆಟ್ಟು ಯಾವಾಗ ಬೀಳುತ್ತದೆ ಅಂತ ಮಿದುಳಿಗೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಕಾಲಿನ ಸ್ನಾಯುಗಳು ಆ ಕ್ಷಣಕ್ಕೆ ತಯಾರಾಗಿರುತ್ತವೆ.

ಹಾಡಿನ ವಿಷಯ ಸ್ವಲ್ಪ ಬೇರೆ. ಮಾತಿನ ಕೇಂದ್ರಗಳು ಹೆಚ್ಚಿನವರಲ್ಲಿ ಮಿದುಳಿನ ಎಡಭಾಗದಲ್ಲಿವೆ. ಹಾಡುವಾಗ ಬಲಭಾಗವೂ ಕೈಜೋಡಿಸುತ್ತದೆ. ಮಾತಾಡಲಾಗದವರು ಹಾಡಬಲ್ಲರು ಅನ್ನುವುದು ಹೊಸ ಸಂಗತಿಯೂ ಅಲ್ಲ. 18ನೇ ಶತಮಾನದಲ್ಲೇ ಸ್ವೀಡನ್ನಿನ ಓಲೋಫ್ ಡಾಲಿನ್ ಅಂಥ ಒಬ್ಬ ರೋಗಿಯ ಬಗ್ಗೆ ಬರೆದಿಟ್ಟಿದ್ದಾರೆ. ಮಾತು ಹೋದ ಆತ ಪ್ರಾರ್ಥನಾ ಗೀತೆಗಳನ್ನು ಹಾಡುತ್ತಿದ್ದ.

1990ರ ದಶಕದಲ್ಲಿ ಸಂಶೋಧಕ ಮೈಕಲ್ ಥೌಟ್ ಮತ್ತು ಸಂಗಡಿಗರು ಅಮೆರಿಕದ ಕೊಲರಾಡೊದಲ್ಲಿ ಇದನ್ನೆಲ್ಲ ಒಂದು ಪದ್ಧತಿಗೆ ತಂದರು. ನ್ಯೂರೊಲಾಜಿಕ್ ಮ್ಯೂಸಿಕ್ ಥೆರಪಿ ಅಂತ ಅದರ ಹೆಸರು. ಚಿಕಿತ್ಸೆಗಳ ಪುರಾವೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 29 ಪ್ರಯೋಗಗಳನ್ನು, ಒಟ್ಟು 775 ರೋಗಿಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿತು. ತಾಳಕ್ಕೆ ನಡೆಸುವ ವಿಧಾನದಿಂದ ನಡಿಗೆ ಸುಧಾರಿಸಬಹುದು ಅನ್ನುವುದು ಅದರ ಮುಖ್ಯ ತೀರ್ಮಾನ. ಮಾತು, ಕೈ ಚಲನೆಯ ಬಗ್ಗೆಯೂ ಆಶೆ ಹುಟ್ಟಿಸುವ ಫಲಿತಾಂಶ ಇದೆ, ಆದರೆ ಪುರಾವೆ ಇನ್ನೂ ಗಟ್ಟಿಯಾಗಬೇಕು. ಯಾರಾದರೂ "ಈ ಹಾಡು ಕೇಳಿಸಿದರೆ ಮಿದುಳು ಸರಿಹೋಗುತ್ತೆ" ಅಂತ ಆಡಿಯೊ ಮಾರಿದರೆ ಕೊಳ್ಳಬೇಡಿ.

ಹಂತ 1: ಶುರು ಮಾಡುವ ಮೊದಲು ವೈದ್ಯರನ್ನು ಕೇಳಿ

ಸಂಗೀತದಿಂದ ಏನು ತೊಂದರೆ ಆಗುತ್ತೆ ಅಂತ ಅನ್ನಿಸಬಹುದು. ಆಗುತ್ತದೆ.

ಮೊದಲನೆಯದು ಫಿಟ್ಸ್. ತಲೆಗೆ ಪೆಟ್ಟಾದ ಮೇಲೆ ಫಿಟ್ಸ್ ಬರುವ ಸಾಧ್ಯತೆ ಇದ್ದೇ ಇರುತ್ತದೆ. ಕೆಲವೇ ಕೆಲವರಿಗೆ ಸಂಗೀತವೇ ಫಿಟ್ಸ್ ತರಿಸುತ್ತದೆ. ಇದು ಬಹಳ ಅಪರೂಪ. ಆದರೂ ಒಂದು ಹಾಡಿನ ಹೊತ್ತಲ್ಲಿ ರೋಗಿ ದಿಟ್ಟಿಸಿ ನಿಂತುಬಿಟ್ಟರೆ, ಮುಖ ಅಥವಾ ಕೈ ಅದುರಿದರೆ, ತಕ್ಷಣ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಎರಡನೆಯದು ಹೆಡ್‌ಫೋನ್. ತಲೆಬುರುಡೆಯ ಒಂದು ತುಂಡನ್ನು ತೆಗೆದಿಟ್ಟ ಆಪರೇಷನ್ ಆಗಿದ್ದರೆ ಆ ಜಾಗದ ಮೇಲೆ ಹೆಡ್‌ಫೋನಿನ ಪಟ್ಟಿ ಒತ್ತಬಾರದು. ಮಿದುಳಿನ ನೀರು ಹರಿಸಲು ಷಂಟ್ ಹಾಕಿದ್ದರೆ ಇನ್ನೊಂದು ಪ್ರಶ್ನೆ ಕೇಳಿ: "ಇದರ ವಾಲ್ವ್ ಮ್ಯಾಗ್ನೆಟ್‌ನಿಂದ ಹೊಂದಿಸುವಂಥದ್ದಾ?" ಅಂಥ ಕೆಲವು ವಾಲ್ವ್‌ಗಳ ಹತ್ತಿರ ಹೆಡ್‌ಫೋನಿನ ಮ್ಯಾಗ್ನೆಟ್ ತರಬಾರದು. ಗೊತ್ತಾಗದಿದ್ದರೆ ಸ್ಪೀಕರ್ ಬಳಸಿ, ಚಿಂತೆಯೇ ಬೇಡ.

ಗಂಟಲಿಗೆ ಟ್ಯೂಬ್ ಹಾಕಿದ್ದರೆ, ನುಂಗಲು ಕಷ್ಟ ಇದ್ದರೆ, ಹಾಡಿಸುವ ಮೊದಲು ಸ್ಪೀಚ್ ಥೆರಪಿಸ್ಟ್ ಒಪ್ಪಬೇಕು. ಕಿವಿ ಕೇಳಿಸುತ್ತಿದೆಯೇ ಅಂತಲೂ ಪರೀಕ್ಷೆ ಮಾಡಿಸಿ. ತಲೆಗೆ ಪೆಟ್ಟಾದಾಗ ಕಿವಿಗೂ ಏಟಾಗಿರಬಹುದು. ಕೆಲವರಿಗೆ ಉಲ್ಟಾ ಆಗುತ್ತದೆ, ಸಣ್ಣ ಶಬ್ದವೂ ತಲೆಗೆ ಬಡಿದಂತಾಗುತ್ತದೆ.

ಇನ್ನೊಂದು ವಿಚಿತ್ರ ಇದೆ. ಸ್ಟ್ರೋಕ್ ಆದ ಕೆಲವರಿಗೆ ಸಂಗೀತ ಸಂಗೀತವಾಗಿಯೇ ಕೇಳಿಸುವುದಿಲ್ಲ. ಗೊತ್ತಿದ್ದ ಹಾಡು ಗುರುತು ಸಿಗುವುದಿಲ್ಲ, ಬರೀ ಗದ್ದಲ ಅನ್ನಿಸುತ್ತದೆ. ಜೀವಮಾನವಿಡೀ ಹಾಡು ಪ್ರೀತಿಸಿದವರು ಈಗ ಮುಖ ಸಿಂಡರಿಸಿದರೆ ಹಠ ಅಂದುಕೊಳ್ಳಬೇಡಿ. ಎಷ್ಟೋ ಜನರಲ್ಲಿ ಇದು ದಿನ ಕಳೆದಂತೆ ಕಡಿಮೆಯಾಗುತ್ತದೆ.

ಹಂತ 2: ಒಂದೇ ಒಂದು ಗುರಿ ಆರಿಸಿ

"ಅವರು ಮೊದಲಿನ ಹಾಗೆ ಆಗಬೇಕು" ಅನ್ನುವುದು ಆಸೆ. ಅದನ್ನು ಅಳೆಯಲು ಬರುವುದಿಲ್ಲ. "ಮಂಚದಿಂದ ಬಾಗಿಲವರೆಗೆ ತಡವರಿಸದೆ ನಡೆಯಬೇಕು", "ನೋವಾದರೆ ಬಾಯಿಬಿಟ್ಟು ಹೇಳಬೇಕು", "ಎಡಗೈಯಲ್ಲಿ ಲೋಟ ಹಿಡಿಯಬೇಕು" ಇವು ಗುರಿಗಳು. ಫಿಸಿಯೋಥೆರಪಿಸ್ಟ್, ಸ್ಪೀಚ್ ಥೆರಪಿಸ್ಟ್ ಈಗಾಗಲೇ ಯಾವುದರ ಮೇಲೆ ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿ, ಅದನ್ನೇ ತೆಗೆದುಕೊಳ್ಳಿ. ಅವರ ಚಿಕಿತ್ಸೆ ಬಿಟ್ಟು ಇದನ್ನು ಹಿಡಿಯುವುದಲ್ಲ. ಅದರ ಜೊತೆಗೇ ಇದು.

ಆಸ್ಪತ್ರೆಯಲ್ಲಿ ತರಬೇತಿ ಪಡೆದ ಮ್ಯೂಸಿಕ್ ಥೆರಪಿಸ್ಟ್ ಇದ್ದರೆ ಮೊದಲ ಕೆಲವು ವಾರ ಅವರ ಕೈಯಲ್ಲೇ ನಡೆಯಲಿ, ನೀವು ನೋಡಿ ಕಲಿಯಿರಿ. ಚೆನ್ನಾಗಿ ಹಾಡುವವರೆಲ್ಲ ಥೆರಪಿಸ್ಟ್ ಅಲ್ಲ. ಯಾರಾದರೂ ಮನೆಗೆ ಬರುತ್ತೇನೆ ಅಂದರೆ ಎರಡು ಪ್ರಶ್ನೆ ಕೇಳಿ: ಮಿದುಳು ಗಾಯದವರ ಜೊತೆ ಕೆಲಸ ಮಾಡಿದ್ದೀರಾ, ಏನನ್ನು ಅಳೆಯುತ್ತೀರಿ? ಎರಡನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಅವರದು ಸಂಗೀತ ಕಾರ್ಯಕ್ರಮ. ಅದೂ ಬೇಡ ಅಂತಲ್ಲ, ಆದರೆ ಚಿಕಿತ್ಸೆಯ ಲೆಕ್ಕಕ್ಕೆ ಬರುವುದಿಲ್ಲ.

ಹಂತ 3: ಹಾಡಿನ ಪಟ್ಟಿ ಮಾಡಿ

ರೋಗಿಯ ಹಾಡು ಬೇಕು, ನಿಮ್ಮದಲ್ಲ. ಅವರು ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಕೇಳುತ್ತಿದ್ದ ಹಾಡುಗಳಿಂದ ಶುರು ಮಾಡಿ. ಹಳೇ ಗೆಳೆಯರನ್ನು, ಒಡಹುಟ್ಟಿದವರನ್ನು ಕೇಳಿದರೆ ಮನೆಯವರಿಗೇ ಗೊತ್ತಿಲ್ಲದ ಹಾಡು ಹೊರಬರುವುದುಂಟು. ದೊಡ್ಡವರಿಗೆ ಮಕ್ಕಳ ಪದ್ಯ ಹಾಡಿಸಬೇಡಿ. ಮಾತು ಹೋಗಿದೆ ಅಂದರೆ ವಯಸ್ಸು ಹೋಗಿದೆ ಅಂತಲ್ಲ.

ಪ್ರತಿ ಹಾಡಿನ ಮುಂದೆ ಎರಡು ಸಂಗತಿ ಬರೆಯಿರಿ: ಅದನ್ನು ಕೇಳಿದಾಗ ಅವರು ಹೇಗಿದ್ದರು, ಮತ್ತು ನಿಮಿಷಕ್ಕೆ ಎಷ್ಟು ತಾಳ. ತಾಳ ಎಣಿಸಲು 15 ಸೆಕೆಂಡು ಕೈ ತಟ್ಟಿ, ಬಂದದ್ದನ್ನು 4ರಿಂದ ಗುಣಿಸಿ. ಕೆಲವು ಹಾಡು ಅಳು ತರಿಸುತ್ತವೆ. ಅಳು ಬಂದ ಮಾತ್ರಕ್ಕೆ ಹಾಡು ಕೆಟ್ಟದ್ದಲ್ಲ, ಆದರೆ ನಡಿಗೆ ಅಭ್ಯಾಸದ ಹೊತ್ತಿಗೆ ಅದು ಬೇಡ.

ಹಂತ 4: ತಾಳಕ್ಕೆ ನಡೆಸುವುದು

ಪುರಾವೆ ಹೆಚ್ಚು ಇರುವುದು ಇದಕ್ಕೇ. ಥೌಟ್ ತಂಡದ 1997ರ ಅಧ್ಯಯನದಲ್ಲಿ ಸ್ಟ್ರೋಕ್ ಆದವರನ್ನು ದಿನಕ್ಕೆ ಎರಡು ಬಾರಿ, ಅರ್ಧ ಅರ್ಧ ಗಂಟೆ, ಆರು ವಾರ ತಾಳಕ್ಕೆ ನಡೆಸಿದರು. ತಾಳ ಇಲ್ಲದೆ ಅಷ್ಟೇ ಹೊತ್ತು ನಡೆದವರಿಗಿಂತ ಇವರ ವೇಗವೂ ಹೆಜ್ಜೆಯ ಉದ್ದವೂ ಜಾಸ್ತಿ ಸುಧಾರಿಸಿತು.

ರೋಗಿ ಯಾರದಾದರೂ ಆಸರೆಯಲ್ಲಾದರೂ ಕೆಲವು ಹೆಜ್ಜೆ ಹಾಕುವಂತಿರಬೇಕು. ಫಿಸಿಯೋಥೆರಪಿಸ್ಟ್ "ಸರಿ" ಅಂದ ಮೇಲೆ ಮಾತ್ರ ಶುರು. ಬಲಹೀನ ಕಡೆ, ಅರ್ಧ ಹೆಜ್ಜೆ ಹಿಂದೆ ಒಬ್ಬರು ನಿಂತಿರಬೇಕು. ಸೊಂಟಕ್ಕೆ ಹಿಡಿಯಲು ಬೆಲ್ಟ್ ಇದ್ದರೆ ಒಳ್ಳೆಯದು, ತೋಳು ಎಳೆಯಬಾರದು. ಸ್ಟ್ರೋಕ್ ಆದ ಭುಜ ಸುಲಭಕ್ಕೆ ಜಾರುತ್ತದೆ.

ಮೊದಲ ದಿನ ಹಾಡು ಹಾಕಲೇಬೇಡಿ. ಬರೀ ಅಳತೆ. 10 ಮೀಟರ್ ಜಾಗಕ್ಕೆ ಗುರುತು ಹಾಕಿ, ಅವರ ಪಾಡಿಗೆ ನಡೆಯಲು ಬಿಡಿ. ಎಷ್ಟು ಸೆಕೆಂಡು, ಎಷ್ಟು ಹೆಜ್ಜೆ, ಎರಡನ್ನೂ ಬರೆಯಿರಿ. 25 ಸೆಕೆಂಡಿನಲ್ಲಿ 27 ಹೆಜ್ಜೆ ಆಯಿತು ಅಂದುಕೊಳ್ಳಿ. ನಿಮಿಷಕ್ಕೆ 64ಕ್ಕಿಂತ ಸ್ವಲ್ಪ ಜಾಸ್ತಿ, 64 ಅಂತಲೇ ಇಟ್ಟುಕೊಳ್ಳಿ. ಆರೋಗ್ಯವಂತ ವಯಸ್ಕರದು 100ರಿಂದ 120 ಇರುತ್ತದೆ. ಅದನ್ನು ನೋಡಿ ಹೆದರುವುದು ಬೇಡ, ನಮ್ಮ ಲೆಕ್ಕ ಶುರುವಾಗುವುದು 64ರಿಂದ.

ಅಳೆಯುವಾಗ ಕಣ್ಣು ಮುಚ್ಚಿ ಹೆಜ್ಜೆ ಸದ್ದು ಕೇಳಿ ನೋಡಿ. ಟಕ್, ಟಕ್ ಅಂತ ಸಮನಾಗಿ ಬರುವುದಿಲ್ಲ. ಟಕ್... ಟಟಕ್... ಟಕ್... ಟಟಕ್ ಅಂತ ಕುಂಟುತ್ತದೆ. ಬಲಹೀನ ಕಾಲಿನ ಮೇಲೆ ಭಾರ ಬಿಡಲು ಭಯ, ಹಾಗಾಗಿ ಗಟ್ಟಿ ಕಾಲು ಬೇಗ ನೆಲಕ್ಕೆ ಬೀಳುತ್ತದೆ. ಈ ಸದ್ದು ಸಮ ಆಗುವುದೇ ಸುಧಾರಣೆಯ ಮೊದಲ ಗುರುತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಎರಡನೇ ದಿನ ಮೆಟ್ರೊನೋಮ್ ಆ್ಯಪ್ (ಒಂದೇ ಸಮ ಟಿಕ್ ಟಿಕ್ ಅಂತ ತಾಳ ಹಾಕುವಂಥದ್ದು) ಅನ್ನು 64ಕ್ಕೆ ಇಡಿ. ನಡೆಸಬೇಡಿ, ಕುರ್ಚಿಯಲ್ಲಿ ಕೂರಿಸಿ. ತಾಳಕ್ಕೆ ಒಂದೊಂದೇ ಪಾದ ನೆಲಕ್ಕೆ ತಟ್ಟಲಿ. ಬಲಹೀನ ಕಾಲು ಏಳದಿದ್ದರೆ ಹಿಮ್ಮಡಿ ಅಲುಗಿದರೂ ಸಾಕು. ಆಮೇಲೆ ನಿಲ್ಲಿಸಿ, ತಾಳಕ್ಕೆ ಸರಿಯಾಗಿ ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸಲಿ. ಇದು ಸರಿಯಾಗಿ ಕೂಡಿ ಬಂದ ಮೇಲೆ ನಡಿಗೆ. ತಾಳದ ಪೆಟ್ಟು ಬಿದ್ದಾಗ ಪಾದ ನೆಲ ಮುಟ್ಟಬೇಕು, ಏಳುವುದಲ್ಲ. "ಎಡ, ಬಲ" ಅಂತ ನೀವು ಕೂಗುತ್ತಾ ಹೋಗಬೇಡಿ. ನಿಮ್ಮ ದನಿ ತಾಳದ ಜೊತೆ ಪೈಪೋಟಿಗೆ ಬೀಳುತ್ತದೆ.

ಮೆಟ್ರೊನೋಮ್ ಹಿಡಿತಕ್ಕೆ ಬಂದ ಮೇಲೆ ಹಾಡು. ತಾಳ ಎರಡು ಅಥವಾ ನಾಲ್ಕರ ಎಣಿಕೆಯಲ್ಲಿರಲಿ. ಮೂರರ ಎಣಿಕೆಯ ಹಾಡು ಎರಡು ಕಾಲಿಗೆ ಒಗ್ಗುವುದಿಲ್ಲ, ಒತ್ತು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬೀಳುತ್ತದೆ. ಡ್ರಮ್ಮಿನ ಪೆಟ್ಟು ಸ್ಪಷ್ಟ ಕೇಳಬೇಕು. 64ರ ಹಾಡು ಸಿಗದಿದ್ದರೆ 128ರದ್ದನ್ನು ಹಾಕಿ, ಎರಡು ಪೆಟ್ಟಿಗೆ ಒಂದು ಹೆಜ್ಜೆ.

ಕೆಲವು ದಿನ ಹೆಜ್ಜೆ ತಾಳಕ್ಕೆ ಕೂಡಿ ಬಂದರೆ ವೇಗವನ್ನು 5ರಿಂದ 10 ಶೇಕಡಾ ಏರಿಸಿ. 64 ಇದ್ದದ್ದು 67 ಆಗಲಿ, ಆಮೇಲೆ 70. ಅವಸರ ಬೇಡ. ತಾಳ ಹಿಡಿಯುವ ಭರದಲ್ಲಿ ಹೆಜ್ಜೆ ಚಿಕ್ಕದಾಗಿಬಿಟ್ಟರೆ ಅದು ಲಾಭವಲ್ಲ. ಅದಕ್ಕೇ ಸೆಕೆಂಡಿನ ಜೊತೆ ಹೆಜ್ಜೆಯನ್ನೂ ಎಣಿಸಲು ಹೇಳಿದ್ದು. ಅದೇ 10 ಮೀಟರ್ 20 ಸೆಕೆಂಡಿನಲ್ಲಿ, 24 ಹೆಜ್ಜೆಯಲ್ಲಿ ಮುಗಿದರೆ ವೇಗವೂ ಏರಿದೆ, ಹೆಜ್ಜೆಯೂ ಉದ್ದವಾಗಿದೆ. 20 ಸೆಕೆಂಡಿಗೆ 32 ಹೆಜ್ಜೆ ಆದರೆ ಅವರು ತಾಳದ ಹಿಂದೆ ಓಡುತ್ತಿದ್ದಾರೆ. ವೇಗ ಇಳಿಸಿ.

ಆಮೇಲೆ ತಿರುವು, ನಿಲ್ಲುವುದು, ಮತ್ತೆ ಹೊರಡುವುದು. ನಿಜ ಜೀವನದಲ್ಲಿ ಬೀಳುವುದು ಇಂಥ ಕಡೆಯೇ. ಸಮತಟ್ಟು ದಾರಿಯಲ್ಲಿ ಚೆನ್ನಾಗಿ ನಡೆದವರು ತಿರುಗುವಾಗ ತಾಳ ಕಳೆದುಕೊಳ್ಳುತ್ತಾರೆ.

ಇನ್ನು ಹಾಡು ತೆಗೆಯುವುದು. ನಡೆಯುತ್ತಿರುವಾಗಲೇ ದನಿ ಇಳಿಸಿ, ಹತ್ತು ಹೆಜ್ಜೆ ಸುಮ್ಮನಿರಿ, ಮತ್ತೆ ಏರಿಸಿ. ಹಾಡು ವಾಪಸ್ ಬಂದಾಗ ಹೆಜ್ಜೆ ತಾಳದಲ್ಲೇ ಇದ್ದರೆ ಮೌನವನ್ನು ಉದ್ದ ಮಾಡುತ್ತಾ ಹೋಗಿ. ಕೊನೆಗೆ ಮನಸ್ಸಿನಲ್ಲೇ ಹಾಡಿಕೊಂಡು ನಡೆಯಲು ಹೇಳಿ. ವಾರಕ್ಕೊಮ್ಮೆಯ ಅಳತೆ ಯಾವಾಗಲೂ ಹಾಡಿಲ್ಲದೆಯೇ ಆಗಬೇಕು.

ಹಂತ 5: ಹಾಡಿನಿಂದ ಮಾತಿಗೆ

ಬಾಸ್ಟನ್ನಿನಲ್ಲಿ ಮಾರ್ಟಿನ್ ಆಲ್ಬರ್ಟ್, ರಾಬರ್ಟ್ ಸ್ಪಾರ್ಕ್ಸ್, ನ್ಯಾನ್ಸಿ ಹೆಲ್ಮ್ ಎಂಬ ಮೂವರು 1973ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಮೆಲಾಡಿಕ್ ಇಂಟೊನೇಷನ್ ಥೆರಪಿ ಅಂತ ಕರೆಯುತ್ತಾರೆ. ಇದು ಎಲ್ಲರಿಗೂ ಅಲ್ಲ. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ, ಬೇರೆಯವರು ಹೇಳಿದ್ದು ಸಾಕಷ್ಟು ಅರ್ಥವಾಗುತ್ತಿದ್ದು, ತಾವು ಹೇಳಹೊರಟರೆ ಪದ ಹೊರಡದೆ ಒದ್ದಾಡುವವರಿಗೆ ಇದು. ಪಟಪಟ ಮಾತಾಡುತ್ತಾರೆ ಆದರೆ ಅರ್ಥವೇ ಇಲ್ಲ ಅನ್ನುವವರಿಗೆ ಇದು ಹೊಂದುವುದಿಲ್ಲ. ಯಾರು ಯಾವ ಗುಂಪು ಅಂತ ಸ್ಪೀಚ್ ಥೆರಪಿಸ್ಟ್ ಹೇಳಬೇಕು.

ಇಲ್ಲಿ ಒಂದು ದೊಡ್ಡ ಗೊಂದಲ ಆಗುತ್ತದೆ. ಹಳೆಯ ಹಾಡನ್ನು ಪೂರ್ತಿ ಹಾಡಿದರು, ಇನ್ನೇನು ಮಾತು ಬಂದೇಬಿಡ್ತು ಅಂದುಕೊಳ್ಳುತ್ತಾರೆ ಮನೆಯವರು. ಮಾರನೇ ದಿನ ನೀರು ಕೇಳಲೂ ಬರದಿದ್ದಾಗ "ಹಾಡೋಕೆ ಬರುತ್ತೆ, ಮಾತಾಡೋಕೆ ಸೋಮಾರಿತನ" ಅನ್ನುತ್ತಾರೆ. ಇದಕ್ಕಿಂತ ಅನ್ಯಾಯದ ಮಾತಿಲ್ಲ. ಬಾಯಿಪಾಠದ ಹಾಡು ತಾನಾಗಿ ಬರುತ್ತದೆ. ಹೊಸ ವಾಕ್ಯ ಕಟ್ಟುವುದು ಬೇರೆಯೇ ಕೆಲಸ. ಹಾಗಾಗಿ ಇಲ್ಲಿ ಬಳಸುವುದು ಗೊತ್ತಿರುವ ಹಾಡನ್ನಲ್ಲ. ದಿನಕ್ಕೆ ಹತ್ತು ಸಲ ಬೇಕಾಗುವ ಪುಟ್ಟ ಮಾತುಗಳನ್ನೇ ರಾಗವಾಗಿ ಹೇಳುವುದು.

"ನೀರು ಬೇಕು" ತೆಗೆದುಕೊಳ್ಳೋಣ. ನೀ-ರು-ಬೇ-ಕು. ಬರೀ ಎರಡು ಸ್ವರ ಸಾಕು, ಒಂದು ಮೇಲೆ, ಒಂದು ಕೆಳಗೆ. ಮಾತಿನಲ್ಲಿ ಒತ್ತು ಬೀಳುವ "ನೀ", "ಬೇ" ಮೇಲಿನ ಸ್ವರಕ್ಕೆ. "ರು", "ಕು" ಕೆಳಗಿನದಕ್ಕೆ. ಒಂದು ಅಕ್ಷರಕ್ಕೆ ಸುಮಾರು ಒಂದು ಸೆಕೆಂಡು. ಕೇಳುವವರಿಗೆ ಯಾರನ್ನೋ ದೂರದಿಂದ ಕೂಗಿ ಕರೆದಂತೆ ಇರುತ್ತದೆ.

ರೋಗಿಯ ಎದುರು ಕುಳಿತುಕೊಳ್ಳಿ. ನಿಮ್ಮ ಬಾಯಿ ಅವರಿಗೆ ಕಾಣಬೇಕು. ಮೇಜಿನ ಮೇಲೆ ಒಂದು ಲೋಟ ನೀರು. ಅವರ ಎಡಗೈ ಹಿಡಿದು, ಪ್ರತಿ ಅಕ್ಷರಕ್ಕೆ ಒಮ್ಮೆ ಮೇಜಿಗೆ ತಟ್ಟಿಸಿ. ಎಡಗೈಯೇ ಯಾಕೆ ಅಂದರೆ ಅದನ್ನು ನಡೆಸುವುದು ಮಿದುಳಿನ ಬಲಭಾಗ, ಪೆಟ್ಟಾಗದ ಭಾಗ. ಎಷ್ಟೋ ಸಲ ಬಲಗೈಗೆ ಹೇಗೂ ಶಕ್ತಿ ಇರುವುದಿಲ್ಲ.

ಮೊದಲು ನೀವು ಬಾಯಿ ಮುಚ್ಚಿ ಎರಡು ಸಲ ಗುನುಗಿ, ಕೈ ತಟ್ಟುತ್ತಾ. ಆಮೇಲೆ ಪದದ ಸಮೇತ ರಾಗವಾಗಿ ಹೇಳಿ. "ಅಪ್ಪಾ, ಈಗ ನನ್ನ ಜೊತೆ ಹೇಳಿ" ಅಂತ ಕರೆದು ಇಬ್ಬರೂ ಒಟ್ಟಿಗೆ ಹೇಳಿ. ಕೂಡಿ ಬಂತು ಅಂದರೆ ಮತ್ತೊಮ್ಮೆ ಒಟ್ಟಿಗೆ ಶುರು ಮಾಡಿ, "ಬೇ" ಬರುವಷ್ಟರಲ್ಲಿ ನೀವು ಸುಮ್ಮನಾಗಿಬಿಡಿ. ಕೈ ಮಾತ್ರ ತಟ್ಟುತ್ತಿರಲಿ. ಅವರು ಮುಗಿಸುತ್ತಾರೆ. ಮುಂದಿನ ಸಲ ನೀವು ಹೇಳಿ ನಿಲ್ಲಿಸಿ, ಅವರೊಬ್ಬರೇ ಹೇಳಲಿ. ಅದೂ ಆದ ಮೇಲೆ ಪ್ರಶ್ನೆ ಕೇಳಿ: "ಏನು ಬೇಕಪ್ಪಾ?" ಅದೇ ರಾಗದಲ್ಲಿ ಉತ್ತರ ಬಂದರೆ ಲೋಟ ಕೈಗೆ ಕೊಡಿ. ಕೇಳಿದ್ದು ಸಿಕ್ಕಿತು ಅನ್ನುವುದು ಮುಖ್ಯ.

ಎಲ್ಲಾದರೂ ತಪ್ಪಿದರೆ "ಅಲ್ಲ, ಸರಿಯಾಗಿ ಹೇಳಿ" ಅನ್ನಬೇಡಿ. ಒಂದು ಹೆಜ್ಜೆ ಹಿಂದಕ್ಕೆ ಬನ್ನಿ, ಒಟ್ಟಿಗೆ ಹೇಳಿ, ಮತ್ತೆ ಮುಂದೆ ಹೋಗಿ. ಎರಡು ಸಲವೂ ಆಗದಿದ್ದರೆ ಆ ವಾಕ್ಯ ಬಿಟ್ಟು ಬೇರೆ ತೆಗೆದುಕೊಳ್ಳಿ. "ಸಾಕು", "ನೋವಿದೆ", "ಇಲ್ಲಿ ಬಾ", ಹೆಂಡತಿಯ ಹೆಸರು, ಮೊಮ್ಮಗನ ಹೆಸರು, ಹೀಗೆ ಅವರಿಗೆ ಬೇಕಾದದ್ದೇ ಇರಲಿ. ಶುರುವಿಗೆ ಎರಡು ಮೂರು ಅಕ್ಷರ, ಆಮೇಲೆ ನಾಲ್ಕು ಐದು.

ವಾಕ್ಯ ಗಟ್ಟಿಯಾದ ಮೇಲೆ ರಾಗ ಸವೆಸುವ ಕೆಲಸ. ಎರಡು ಸ್ವರಗಳ ಅಂತರ ಕಡಿಮೆ ಮಾಡುತ್ತಾ, ಹಾಡಿಗೂ ಮಾತಿಗೂ ನಡುವಿನ ಒಂದು ದನಿಗೆ ತನ್ನಿ. ಅಲ್ಲಿಂದ ಸಾದಾ ಮಾತಿಗೆ. ತಡವರಿಸಿದಾಗ ಅವರೇ ಎಡಗೈ ತಟ್ಟಿಕೊಂಡು, ಒಳಗೊಳಗೇ ಗುನುಗಿಕೊಂಡು ಹೇಳುವುದನ್ನು ಕಲಿಯುತ್ತಾರೆ. ಅದು ಅವರದೇ ಊರುಗೋಲು, ಕಿತ್ತುಕೊಳ್ಳಬೇಡಿ.

ಇದಕ್ಕೆ ತಾಳ್ಮೆ ಎಷ್ಟು ಬೇಕು ಅಂತ ಗೊತ್ತಾಗಲು ಒಂದು ಉದಾಹರಣೆ. 2009ರಲ್ಲಿ ಗಾಟ್‌ಫ್ರೀಡ್ ಶ್ಲೌಗ್ ತಂಡ ಆರು ರೋಗಿಗಳಿಗೆ 75ಕ್ಕೂ ಹೆಚ್ಚು ಸೆಷನ್ ಕೊಟ್ಟಿತು. ಮಿದುಳಿನ ಬಲಭಾಗದಲ್ಲಿ ಕೇಳುವ ಮತ್ತು ಮಾತಾಡಿಸುವ ಜಾಗಗಳನ್ನು ಜೋಡಿಸುವ ನರಗಳ ಕಟ್ಟು ದಪ್ಪವಾಗಿದ್ದು ಸ್ಕ್ಯಾನ್‌ನಲ್ಲಿ ಕಂಡಿತು. ಹತ್ತು ದಿನ ಮಾಡಿ "ಏನೂ ಆಗ್ಲಿಲ್ಲ" ಅಂತ ಬಿಡುವ ವಿಷಯ ಅಲ್ಲ ಇದು. ರಾಗದಿಂದ ಮಿದುಳಿನ ಬಲಭಾಗ ಕೆಲಸಕ್ಕೆ ಇಳಿಯುತ್ತದೆ ಅನ್ನುವ ಈ ವಿವರಣೆಯನ್ನು ಎಲ್ಲರೂ ಒಪ್ಪುವುದಿಲ್ಲ ಅನ್ನುವುದೂ ನಿಜ. 2011ರಲ್ಲಿ ಬೆಂಜಮಿನ್ ಸ್ಟಾಲ್ ಮತ್ತು ಸಂಗಡಿಗರು, ಸಹಾಯ ಆಗುತ್ತಿರುವುದು ರಾಗಕ್ಕಿಂತ ತಾಳದಿಂದ ಮತ್ತು ಬಾಯಿಗೆ ರೂಢಿಯಾದ ಪದಗಳಿಂದ ಅಂತ ತೋರಿಸಿದರು. ಮನೆಯಲ್ಲಿ ಅಭ್ಯಾಸ ಮಾಡಿಸುವವರಿಗೆ ಇದರಿಂದ ಒಂದು ಲಾಭ ಇದೆ. ನಿಮಗೆ ಶ್ರುತಿ ಸರಿಯಾಗಿ ಬರದಿದ್ದರೂ ಪರವಾಗಿಲ್ಲ, ತಾಳ ಮಾತ್ರ ತಪ್ಪಬೇಡಿ.

ಹಂತ 6: ಕೈ, ಮತ್ತು ಮರೆತುಹೋದ ಎಡಬದಿ

ಕೈಗೆ ವಾದ್ಯವೇ ವ್ಯಾಯಾಮ. ಜರ್ಮನಿಯಲ್ಲಿ ಎಕಾರ್ಟ್ ಆಲ್ಟೆನ್‌ಮುಲ್ಲರ್ ತಂಡದವರು ಸ್ಟ್ರೋಕ್ ಆದವರಿಗೆ ಕೀಬೋರ್ಡ್ ಮತ್ತು ಡ್ರಮ್ ಪ್ಯಾಡ್ ಕೊಟ್ಟು, ಅರ್ಧ ಗಂಟೆಯ 15 ಪಾಠ ಮಾಡಿದರು. ಅವರಲ್ಲಿ ಯಾರಿಗೂ ಮೊದಲು ವಾದ್ಯ ನುಡಿಸಿ ಗೊತ್ತಿರಲಿಲ್ಲ. ಬೆರಳುಗಳ ಚುರುಕು, ಕೈ ಚಲನೆ ಸುಧಾರಿಸಿತು. ತೋಳಿನ ದೊಡ್ಡ ಚಲನೆಗೆ ಡ್ರಮ್, ಬೆರಳಿಗೆ ಕೀಬೋರ್ಡ್. ತಪ್ಪು ಒತ್ತಿದ್ದು ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಸ್ಪಂಜ್ ಹಿಂಡುವಾಗ ಹಾಗೆ ಯಾರೂ ತಿದ್ದುವುದಿಲ್ಲ. ವಾದ್ಯ ಎಲ್ಲಿ, ಎಷ್ಟು ಎತ್ತರದಲ್ಲಿ ಇಡಬೇಕು ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ. ಮೊಣಕೈ ಚಾಚಬೇಕು ಅಂದರೆ ದೂರ ಇಡುತ್ತಾರೆ, ಭುಜ ಏಳಬೇಕು ಅಂದರೆ ಎತ್ತರದಲ್ಲಿ.

ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಬದಿಯ ಪ್ರಪಂಚವೇ ಇಲ್ಲದಂತಾಗುತ್ತದೆ. ತಟ್ಟೆಯ ಎಡಗಡೆಯ ಊಟ ಹಾಗೇ ಉಳಿಯುತ್ತದೆ, ಎಡಗಡೆಯಿಂದ ಮಾತಾಡಿಸಿದರೆ ತಿರುಗುವುದಿಲ್ಲ. ಕಣ್ಣಿನ ದೋಷ ಅಲ್ಲ ಇದು, ಗಮನದ್ದು. ಇವರಿಗೆ ಒಂದು ಚಂದದ ಅಭ್ಯಾಸ ಇದೆ. ತಟ್ಟಿದರೆ ಒಂದೊಂದೂ ಒಂದು ಸ್ವರ ಕೊಡುವ, ಬಿಡಿ ಬಿಡಿಯಾಗಿ ಇಡಬಹುದಾದ ಸ್ವರಪಟ್ಟಿಗಳನ್ನು ಮೇಜಿನ ಮೇಲೆ ಬಲದಿಂದ ಎಡಕ್ಕೆ ಜೋಡಿಸಿ: ಸ ಬಲತುದಿಯಲ್ಲಿ, ಆಮೇಲೆ ರಿ, ಗ, ಮ, ಪ, ದ, ನಿ, ಮೇಲಿನ ಸ ಎಡತುದಿಯಲ್ಲಿ. ಬಲದಿಂದ ನುಡಿಸುತ್ತಾ ಬಂದವರು ಎಡಗಡೆ ಕಾಣದೆ "ಪ"ದಲ್ಲೋ "ದ"ದಲ್ಲೋ ನಿಲ್ಲುತ್ತಾರೆ. ಆದರೆ ಕಿವಿ ಒಪ್ಪುವುದಿಲ್ಲ. "ನಿ"ವರೆಗೆ ಬಂದು ನಿಂತ ಸ್ವರಸಾಲು ಮುಗಿದಿಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಆ ಉಳಿದ ಸ್ವರ ಹುಡುಕಲು ತಲೆ ಎಡಕ್ಕೆ ತಿರುಗುತ್ತದೆ. ತಿರುಗಲು ಐದಾರು ಸೆಕೆಂಡು ಬೇಕಾಗಬಹುದು. ಆ ಹೊತ್ತಲ್ಲಿ ನೀವು ಕೈ ತೋರಿಸಿ ಕೆಡಿಸಬೇಡಿ.

ಹಂತ 7: ಗಮನ, ನೆನಪು, ಮನಸ್ಸು

ಗಮನಕ್ಕೆ ಸರಳ ಆಟ ಸಾಕು. ನೀವು ಡ್ರಮ್ ಬಾರಿಸಿದಾಗ ಅವರೂ ಬಾರಿಸಬೇಕು, ಗಂಟೆ ಅಲ್ಲಾಡಿಸಿದಾಗ ನಿಲ್ಲಿಸಬೇಕು. ಸುಲಭವಾದ ಮೇಲೆ ನಿಯಮ ಬದಲಿಸಿ. ನೆನಪಿಗೆ, ಮಾಡಬೇಕಾದ ಕೆಲಸದ ಸಾಲನ್ನು ಗೊತ್ತಿರುವ ರಾಗಕ್ಕೆ ಹೊಂದಿಸಿ. ಫೋನ್ ನಂಬರ್, ಗಾಲಿಕುರ್ಚಿಯ ಬ್ರೇಕ್ ಹಾಕಿ ಏಳುವ ಕ್ರಮ ಇಂಥವು ರಾಗಕ್ಕೆ ಚೆನ್ನಾಗಿ ಕೂರುತ್ತವೆ.

ಕೇಳುವುದೊಂದೇ ಮಾಡಿದರೂ ಉಪಯೋಗ ಇದೆಯೇ? ಇದೆ. ಹೆಲ್ಸಿಂಕಿಯಲ್ಲಿ ಟೆಪ್ಪೊ ಸ್ಯಾರ್ಕಾಮೊ ತಂಡ 60 ಸ್ಟ್ರೋಕ್ ರೋಗಿಗಳನ್ನು ಮೂರು ಗುಂಪು ಮಾಡಿತು. ಒಂದಕ್ಕೆ ಇಷ್ಟದ ಸಂಗೀತ, ಒಂದಕ್ಕೆ ಆಡಿಯೊ ಪುಸ್ತಕ, ಇನ್ನೊಂದಕ್ಕೆ ಎರಡೂ ಇಲ್ಲ. ಎರಡು ತಿಂಗಳು, ದಿನಕ್ಕೆ ಕನಿಷ್ಠ ಒಂದು ಗಂಟೆ. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಂಗೀತದ ಗುಂಪಿನವರ ಮಾತಿನ ನೆನಪು ಮತ್ತು ಗಮನ ಉಳಿದವರಿಗಿಂತ ಜಾಸ್ತಿ ಸುಧಾರಿಸಿತ್ತು, ಎರಡೂ ಇಲ್ಲದ ಗುಂಪಿಗಿಂತ ಖಿನ್ನತೆ ಕಡಿಮೆ ಇತ್ತು. ಹಾಗಾದರೆ ಶುರುವಿನಲ್ಲಿ ಹೇಳಿದ ಆ ಮಂಚದ ಪಕ್ಕದ ಮೊಬೈಲ್ ಸರಿಯೇ ಅಲ್ಲವೇ ಅಂತ ಕೇಳಬಹುದು. ವ್ಯತ್ಯಾಸ ಇದೆ. ಆ ಗುಂಪಿನವರು ತಮ್ಮ ಇಷ್ಟದ್ದನ್ನು ಆರಿಸಿಕೊಂಡು, ಕಿವಿಗೊಟ್ಟು ಕೇಳಿದರು. ಹಿಂದೆ ಓಡುತ್ತಿದ್ದ ಸದ್ದಲ್ಲ ಅದು. ಆರಿಸಿದ ಸಂಗೀತ, ಗೊತ್ತಾದ ಹೊತ್ತು, ಟಿವಿ ಬಂದ್. ಮುಗಿದ ಮೇಲೆ ಮೌನ.

ಇನ್ನೂ ಪೂರ್ತಿ ಎಚ್ಚರವಾಗದವರಿಗೆ

ಕೋಮಾದಿಂದ ನಿಧಾನಕ್ಕೆ ಹೊರಬರುತ್ತಿರುವವರಿಗೆ ಬೇರೆ ನಿಯಮ. ಹತ್ತು ನಿಮಿಷ ಮೀರಬೇಡಿ. ರೆಕಾರ್ಡಿಗಿಂತ ಮನೆಯವರ ದನಿ ಮೇಲು. ಅವರ ಉಸಿರಿನ ವೇಗಕ್ಕೆ ಹೊಂದಿಸಿ ಮೆಲ್ಲಗೆ ಗುನುಗಿ, ನಿಲ್ಲಿಸಿ, ಕಾಯಿರಿ. ಉಸಿರು ಬದಲಾಯಿತೇ, ಕಣ್ಣು ತಿರುಗಿತೇ, ಬೆರಳು ಅಲುಗಿತೇ ಅಂತ ನೋಡಿ ಬರೆಯಿರಿ. ಒಂದು ಸಲ ಅಲುಗಿದ್ದನ್ನು ಉತ್ತರ ಅಂದುಕೊಳ್ಳಬೇಡಿ, ಮತ್ತೆ ಮತ್ತೆ ಅದೇ ಹೊತ್ತಿಗೆ ಆದರೆ ವೈದ್ಯರಿಗೆ ಹೇಳಿ.

ಎಚ್ಚರವಾಗುವ ದಾರಿಯಲ್ಲಿ ಗೊಂದಲ, ಸಿಟ್ಟು, ಟ್ಯೂಬ್ ಕಿತ್ತುಕೊಳ್ಳುವ ಹಂತ ಒಂದು ಬರಬಹುದು. ಆಗ ಸದ್ದು ಕಡಿಮೆ ಇದ್ದಷ್ಟೂ ಒಳ್ಳೆಯದು. ಒಬ್ಬರ ದನಿ, ಒಂದು ಹಾಡು, ಟಿವಿ ಇಲ್ಲ, ಸುತ್ತ ನೆಂಟರ ಗುಂಪಿಲ್ಲ. ಹುಬ್ಬು ಗಂಟಿಕ್ಕಿದರೆ, ಉಸಿರು ಜೋರಾದರೆ, ತಲೆ ಆಚೆ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ.

ಲೆಕ್ಕ ಇಡುವುದು, ಮತ್ತು ಯಾವಾಗ ಬದಲಿಸುವುದು

ಒಂದು ನೋಟ್‌ಬುಕ್ ಸಾಕು. ತಾರೀಕು, ಎಷ್ಟು ಹೊತ್ತು, ಯಾವ ಹಾಡು ಅಥವಾ ವಾಕ್ಯ, ಏನಾಯಿತು. ನಿದ್ದೆ ಸರಿಯಿಲ್ಲದಿದ್ದರೆ, ಮಾತ್ರೆ ಬದಲಾದರೆ ಅದನ್ನೂ ಬರೆಯಿರಿ. ಮಿದುಳು ಗಾಯದ ಸುಸ್ತು ಸಾದಾ ಸುಸ್ತಲ್ಲ. ನಿನ್ನೆ ಹೇಳಿದ ವಾಕ್ಯ ಇವತ್ತು ಬರದಿರಬಹುದು. ದಿನದ ಲೆಕ್ಕ ನೋಡಿ ಬೇಸರಪಡುವ ಬದಲು ವಾರಕ್ಕೊಮ್ಮೆ ನೋಡಿ. ಅವರು ತಾಜಾ ಇರುವ ಹೊತ್ತಲ್ಲೇ ಅಭ್ಯಾಸ ಇಟ್ಟುಕೊಳ್ಳಿ. 15 ನಿಮಿಷಕ್ಕೆ ದಣಿದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿ.

ನಾಲ್ಕರಿಂದ ಆರು ವಾರ ನಿಯಮ ತಪ್ಪದೆ ಮಾಡಿಯೂ ಅಳತೆ ಕದಲದಿದ್ದರೆ ನೋಟ್‌ಬುಕ್ ಹಿಡಿದು ಥೆರಪಿಸ್ಟ್ ಹತ್ತಿರ ಹೋಗಿ. ವೇಗ ಜಾಸ್ತಿ ಆಗಿರಬಹುದು, ವಾಕ್ಯ ಉದ್ದವಾಗಿರಬಹುದು, ಗುರಿಯೇ ತಪ್ಪಿರಬಹುದು. ಹಿಂದೆ ಬರುತ್ತಿದ್ದ ಹೆಜ್ಜೆ ಅಥವಾ ಮಾತು ಇದ್ದಕ್ಕಿದ್ದಂತೆ ಹೋದರೆ ಮಾತ್ರ ವಾರದ ಲೆಕ್ಕ ಕಾಯಬೇಡಿ. ಹೊಸದಾಗಿ ತಲೆನೋವು, ವಾಂತಿ, ಮಂಪರು, ಮುಖ ಸೊಟ್ಟಗಾಗುವುದು ಕಂಡರೂ ಅಷ್ಟೇ. ಅದು ಥೆರಪಿಯ ಪ್ರಶ್ನೆ ಅಲ್ಲ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.